ವ್ಯಾಖ್ಯೆ ಗೊತ್ತಿದೆ, ಕ್ಲಾಸ್ ಬರೆಯುವುದು ಎಲ್ಲಿಂದ?

ಪ್ರಶ್ನೆ: ನಾನು ಬಿ.ಸಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಎನ್‌ಕ್ಯಾಪ್ಸುಲೇಶನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಈ ನಾಲ್ಕರ ವ್ಯಾಖ್ಯೆಯನ್ನೂ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತೇನೆ. ಆದರೆ ನಮ್ಮೂರಿನ ಹಾಲು ಉತ್ಪಾದಕರ ಸಂಘದ ಬಟವಾಡೆ ಲೆಕ್ಕಕ್ಕೆಂದು ಜಾವಾದಲ್ಲಿ ಪ್ರಾಜೆಕ್ಟ್ ಮಾಡಲು ಕುಳಿತರೆ ಎಲ್ಲವೂ ಮೇನ್ ಮೆಥಡ್‌ನೊಳಗೇ ಬಂದು ಬೀಳುತ್ತದೆ. ಹೆಸರಿಗೊಂದು, ಲೀಟರಿಗೊಂದು, ಫ್ಯಾಟ್‌ಗೊಂದು ಅರೇ ಇಟ್ಟಿದ್ದೇನೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ ಮೇಲೆ ಒಬ್ಬರ ಹಾಲು ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತಿದೆ. ಈ ಪ್ರೋಗ್ರಾಂನಲ್ಲಿ ನಾಲ್ಕು ತತ್ವಗಳನ್ನು ಎಲ್ಲೆಲ್ಲಿ ಬಳಸಬೇಕು?

ಉತ್ತರ: ನಾಲ್ಕು ತತ್ವಗಳಿಗೆ ಜಾಗ ಹುಡುಕುವ ಕೆಲಸವನ್ನು ಸದ್ಯಕ್ಕೆ ಬದಿಗಿಡಿ. ಒಬ್ಬರ ಹಾಲು ಇನ್ನೊಬ್ಬರ ಲೆಕ್ಕಕ್ಕೆ ಏಕೆ ಹೋಯಿತು ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಆಬ್ಜೆಕ್ಟ್‌ಗಳ ಅಗತ್ಯ ಹುಟ್ಟುವುದೇ ಅಂಥ ಎಡವಟ್ಟಿನಲ್ಲಿ.

ನಿಮ್ಮ ಮೂರು ಅರೇಗಳಲ್ಲಿ ಐದನೆಯ ಸ್ಥಾನದಲ್ಲಿರುವ ಹೆಸರು, ಲೀಟರ್ ಮತ್ತು ಫ್ಯಾಟ್ ಒಬ್ಬರೇ ಸದಸ್ಯರಿಗೆ ಸೇರಿದವು ಎಂಬ ಸಂಗತಿ ನಿಮ್ಮ ತಲೆಯಲ್ಲಿದೆಯೇ ಹೊರತು ಪ್ರೋಗ್ರಾಂನಲ್ಲಿ ಎಲ್ಲಿಯೂ ಬರೆದಿಲ್ಲ. ಹೀಗಾಗಿ ಹೆಸರಿನ ಅರೇಯನ್ನು ಮಾತ್ರ ಜೋಡಿಸಿ ಉಳಿದೆರಡನ್ನು ಇದ್ದಂತೆಯೇ ಬಿಟ್ಟಾಗ ಕಂಪೈಲರ್ ತಕರಾರು ಮಾಡಲಿಲ್ಲ; ಮೂರೂ ಒಟ್ಟಿಗೆ ಇರಬೇಕಾದವು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಒಟ್ಟಿಗೆ ಇರಬೇಕಾದ ಮಾಹಿತಿಯನ್ನು ಒಂದೇ ಘಟಕವಾಗಿ ಕಟ್ಟಿ, ಆ ಮಾಹಿತಿಯ ಮೇಲೆ ನಡೆಯಬೇಕಾದ ಕೆಲಸಗಳನ್ನೂ (ಮೆಥಡ್‌ಗಳನ್ನೂ) ಅದರೊಳಗೇ ಇಟ್ಟರೆ ಸಿಗುವುದೇ ಆಬ್ಜೆಕ್ಟ್. ಅಂಥ ಆಬ್ಜೆಕ್ಟ್‌ಗಳಲ್ಲಿ ಯಾವ ಯಾವ ಫೀಲ್ಡ್‌ಗಳು, ಎಂದರೆ ಮಾಹಿತಿಯ ಅಂಶಗಳು, ಇರಬೇಕು, ಅವು ಯಾವ ಕೆಲಸ ಮಾಡಬಲ್ಲವು ಎಂಬುದನ್ನು ಒಮ್ಮೆ ಬರೆದಿಡುವ ಜಾಗ ಕ್ಲಾಸ್. ‘ಹಾಲಿನ ದಾಖಲೆ’ ಎಂಬ ಒಂದು ಕ್ಲಾಸ್ ಇದ್ದು, ಬೆಳಿಗ್ಗೆ ನೂರು ಮಂದಿ ಹಾಲು ಹಾಕಿದರೆ ಆ ಕ್ಲಾಸಿನ ನೂರು ಆಬ್ಜೆಕ್ಟ್‌ಗಳಾಗುತ್ತವೆ. ಅವುಗಳನ್ನು ಹೆಸರಿನ ಪ್ರಕಾರವಾಗಲಿ ಲೀಟರಿನ ಪ್ರಕಾರವಾಗಲಿ ಹೇಗೆ ಜೋಡಿಸಿದರೂ ಒಂದು ದಾಖಲೆಯ ಫ್ಯಾಟ್ ಇನ್ನೊಂದಕ್ಕೆ ಜಾರಲು ದಾರಿಯೇ ಇರುವುದಿಲ್ಲ.

ಈ ಆಲೋಚನೆ ಹುಟ್ಟಿದ್ದು ನಾರ್ವೆಯ ಓಸ್ಲೊ ನಗರದಲ್ಲಿ. ಅಲ್ಲಿನ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಕ್ರಿಸ್ಟನ್ ನೈಗಾರ್ಡ್ ಮತ್ತು ಓಲೆ-ಯೋಹಾನ್ ದಾಲ್ ಅವರು 1960ರ ದಶಕದಲ್ಲಿ ನಿಜಜೀವನದ ವ್ಯವಸ್ಥೆಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವ ಕೆಲಸದಲ್ಲಿ ತೊಡಗಿದ್ದರು. ಅಂಥ ಅನುಕರಣೆಯಲ್ಲಿ ಸರದಿಯಲ್ಲಿ ನಿಂತ ಪ್ರತಿಯೊಂದಕ್ಕೂ ತನ್ನದೇ ಸ್ಥಿತಿ, ತನ್ನದೇ ನಡವಳಿಕೆ ಇರಬೇಕಾಗುತ್ತದೆ. ಅದಕ್ಕಾಗಿ ಅವರು ರೂಪಿಸಿದ ಸಿಮುಲಾ 67 ಭಾಷೆಯಲ್ಲಿ ಕ್ಲಾಸ್, ಆಬ್ಜೆಕ್ಟ್, ಸಬ್‌ಕ್ಲಾಸ್ (ಇನ್ನೊಂದು ಕ್ಲಾಸಿನಿಂದ ಹುಟ್ಟಿದ ಕ್ಲಾಸ್), ವರ್ಚುವಲ್ ಪ್ರೊಸೀಜರ್ (ಸಬ್‌ಕ್ಲಾಸ್ ತನ್ನ ರೀತಿಯಲ್ಲಿ ಮತ್ತೆ ಬರೆಯಬಹುದಾದ ಕೆಲಸ) ಎಲ್ಲವೂ ಆಗಲೇ ಇದ್ದವು. ಸಿಮುಲಾ ಬಳಸಿ ಬಲ್ಲವರಾಗಿದ್ದ ಬ್ಯಾರ್ನ ಸ್ಟ್ರೌಸ್ಟ್ರುಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆಗೆ ಕ್ಲಾಸ್‌ಗಳನ್ನು ಸೇರಿಸಲು ತೊಡಗಿದರು. ಆ ಭಾಷೆಯೇ 1983ರಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಹೆಸರು ಪಡೆಯಿತು. ನೀವು ಬಳಸುತ್ತಿರುವ ಜಾವಾ 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಿಂದ ಹೊರಬಂದದ್ದು. ಪರೀಕ್ಷೆಯ ನಾಲ್ಕು ತತ್ವಗಳು ಈ ಕೆಲಸಗಳಿಂದ ಆಮೇಲೆ ಹೆಕ್ಕಿ ಜೋಡಿಸಿದ ಪಟ್ಟಿಯೇ ಹೊರತು, ಯಾರೂ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರೋಗ್ರಾಂ ಬರೆಯಲು ಆರಂಭಿಸಿದವರಲ್ಲ.

ಹಾಗಾದರೆ ಆರಂಭ ಎಲ್ಲಿಂದ? ನಿಮ್ಮ ಸಂಘದ ಲೆಕ್ಕದಲ್ಲಿ ಎಂದೂ ಮುರಿಯಬಾರದ ನಿಯಮಗಳು ಯಾವುವು ಎಂದು ಕೇಳಿಕೊಳ್ಳಿ, ಒಂದೊಂದು ನಿಯಮವನ್ನೂ ಕಾಯುವ ಹೊಣೆ ಯಾರದ್ದು ಎಂದು ನಿರ್ಧರಿಸಿ. ನನ್ನ ದೃಷ್ಟಿಯಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನ ತಿರುಳು ಈ ಹೊಣೆ ಹಂಚಿಕೆ. ಲೀಟರ್ ಸೊನ್ನೆಗಿಂತ ಹೆಚ್ಚಿರಬೇಕು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಹಾಲಿನಲ್ಲಿ ಸಾಧ್ಯವಿರುವ ಮಿತಿಯೊಳಗೇ ಇರಬೇಕು ಎಂಬವು ಒಂದು ದಾಖಲೆಯನ್ನಷ್ಟೇ ನೋಡಿ ಪರೀಕ್ಷಿಸಬಹುದಾದ ನಿಯಮಗಳು. ಆದ್ದರಿಂದ ಅವುಗಳನ್ನು ಕಾಯಬೇಕಾದದ್ದು ‘ಹಾಲಿನ ದಾಖಲೆ’ ಕ್ಲಾಸ್. ಒಬ್ಬ ಸದಸ್ಯರ ಒಂದೇ ಹೊತ್ತಿನ ಹಾಲು ಎರಡು ಸಲ ನಮೂದಾಗಬಾರದು ಎಂಬ ನಿಯಮವನ್ನು ಒಂದು ದಾಖಲೆ ತಾನಾಗಿ ತಿಳಿಯಲಾರದು. ಆ ದಿನದ ದಾಖಲೆಗಳನ್ನೆಲ್ಲ ಹಿಡಿದಿರುವ ‘ದಿನದ ವಹಿ’ ಎಂಬ ಇನ್ನೊಂದು ಕ್ಲಾಸ್ ಅದನ್ನು ನೋಡಿಕೊಳ್ಳಬೇಕು. ಬಟವಾಡೆ ಮುಗಿದ ಅವಧಿಯ ದಾಖಲೆಗಳನ್ನು ಯಾರೂ ತಿದ್ದಬಾರದು, ಪಶು ಆಹಾರದ ಬಾಬ್ತು ಕಡಿತ ಆ ಅವಧಿಯ ಹಾಲಿನ ಹಣಕ್ಕಿಂತ ಹೆಚ್ಚಾಗಬಾರದು ಎಂಬವು ‘ಬಟವಾಡೆ’ ಕ್ಲಾಸಿನ ಹೊಣೆ. ಇವುಗಳಲ್ಲಿ ನಿಮ್ಮ ಸಂಘದ ನಿಯಮ ನಿಜವಾಗಿ ಏನು ಎಂಬುದನ್ನು ಕಾರ್ಯದರ್ಶಿಯವರನ್ನು ಕೇಳಿಯೇ ತಿಳಿಯಿರಿ. ಒಬ್ಬರೇ ಹಸುವಿನ ಹಾಲನ್ನೂ ಎಮ್ಮೆಯ ಹಾಲನ್ನೂ ಬೇರೆ ಬೇರೆಯಾಗಿ ಹಾಕುವ ಊರಿನಲ್ಲಿ ಎರಡು ಸಲ ನಮೂದಾಗಬಾರದು ಎಂಬ ನಿಯಮದ ರೂಪವೇ ಬದಲಾಗುತ್ತದೆ. ಕ್ಲಾಸ್‌ಗಳು ಯಾವುವು ಎಂಬುದು ಹೀಗೆ ನಿಯಮಗಳಿಂದ ಹೊರಡಬೇಕು. ಪ್ರಶ್ನೆಯಲ್ಲಿರುವ ನಾಮಪದಗಳಿಗೆಲ್ಲ ಅಡಿಗೆರೆ ಎಳೆದು ಒಂದೊಂದಕ್ಕೂ ಕ್ಲಾಸ್ ಬರೆಯಿರಿ ಎಂಬ ಸಲಹೆಯನ್ನು ನೀವು ಕೇಳಿರಬಹುದು. ಅದರಿಂದ ಕೆಲಸವಿಲ್ಲದ ಕ್ಲಾಸ್‌ಗಳೇ ಹೆಚ್ಚು ಹುಟ್ಟುತ್ತವೆ.

ಎನ್‌ಕ್ಯಾಪ್ಸುಲೇಶನ್ ಎಂಬುದು ಈ ಹೊಣೆಯನ್ನು ನಿಭಾಯಿಸಲು ಆಬ್ಜೆಕ್ಟ್‌ಗೆ ಕೊಡುವ ಅಧಿಕಾರ. ಫೀಲ್ಡ್‌ಗಳನ್ನು ಪ್ರೈವೇಟ್ ಎಂದು ಬರೆದು, ಎಡಿಟರ್‌ನ ಒಂದು ಮೆನುವಿನಿಂದ ಪ್ರತಿ ಫೀಲ್ಡ್‌ಗೂ ಗೆಟರ್ (ಅದನ್ನು ಓದಿಕೊಡುವ ಮೆಥಡ್) ಮತ್ತು ಸೆಟರ್ (ಅದನ್ನು ಬದಲಿಸುವ ಮೆಥಡ್) ಮಾಡಿಸಿಕೊಂಡು, ಎನ್‌ಕ್ಯಾಪ್ಸುಲೇಶನ್ ಮುಗಿಯಿತೆಂದು ತಿಳಿಯುವ ಅಭ್ಯಾಸ ಕಾಲೇಜುಗಳಲ್ಲಿ ಬೇರೂರಿದೆ. ಯಾವ ಮೌಲ್ಯವನ್ನು ಕೊಟ್ಟರೂ ಮರುಮಾತಿಲ್ಲದೆ ಒಪ್ಪಿಕೊಳ್ಳುವ ಸೆಟರ್ ಇದ್ದಲ್ಲಿ ಪ್ರೈವೇಟ್ ಎಂಬುದು ಹೆಸರಿಗಷ್ಟೇ. ಆ ಫೀಲ್ಡ್ ಪಬ್ಲಿಕ್ ಆಗಿದ್ದರೂ ವ್ಯತ್ಯಾಸವಾಗುತ್ತಿರಲಿಲ್ಲ. ಹಾಲು ಹಾಕಲು ಬಂದವರು ಸಂಘದ ಲೆಡ್ಜರ್ ತೆಗೆದು ತಾವೇ ಅಂಕಿ ತಿದ್ದುವುದಿಲ್ಲ, ಹಾಲು ಕೊಡುತ್ತಾರೆ, ಅಳೆದು ಬರೆಯುವುದು ಸಂಘದ ಕೆಲಸ. ನಿಮ್ಮ ಕ್ಲಾಸ್ ಕೂಡ ಹಾಗೆಯೇ ವರ್ತಿಸಬೇಕು. ಸದಸ್ಯರ ಬಾಕಿಗೆ ‘ಬಾಕಿಯನ್ನು ಇಷ್ಟೆಂದು ಇಡು’ ಎಂಬ ಸೆಟರ್ ಬೇಡ; ‘ಹಾಲಿನ ಹಣ ಜಮಾ ಮಾಡು’, ‘ಪಶು ಆಹಾರದ ಹಣ ಕಡಿ’ ಎಂಬ ಮೆಥಡ್‌ಗಳಿರಲಿ, ಪ್ರತಿಯೊಂದೂ ತನ್ನ ನಿಯಮವನ್ನು ಪರೀಕ್ಷಿಸಿ, ತಪ್ಪಿದ್ದರೆ ಎಕ್ಸೆಪ್ಷನ್ (ಕೆಲಸ ನಿಲ್ಲಿಸಿ ತಪ್ಪನ್ನು ತಿಳಿಸುವ ಸಂಕೇತ) ಎಸೆಯಲಿ. ಇದೇ ಕಾರಣಕ್ಕೆ ಆಬ್ಜೆಕ್ಟ್ ಹುಟ್ಟುವಾಗ ನಡೆಯುವ ಕನ್‌ಸ್ಟ್ರಕ್ಟರ್ ಮುಖ್ಯವಾಗುತ್ತದೆ. ಲೀಟರ್ ಋಣಸಂಖ್ಯೆಯಾಗಿದ್ದರೆ ಕನ್‌ಸ್ಟ್ರಕ್ಟರ್ ಆಬ್ಜೆಕ್ಟ್ ಹುಟ್ಟಲೇ ಬಿಡಬಾರದು. ಹಾಗೆ ಮಾಡಿದಲ್ಲಿ ಪ್ರೋಗ್ರಾಂನ ಉಳಿದ ಯಾವ ಮೂಲೆಯಲ್ಲೂ, ವರದಿ ಮುದ್ರಿಸುವಲ್ಲಾಗಲಿ ಮೊತ್ತ ಕೂಡಿಸುವಲ್ಲಾಗಲಿ, ಲೀಟರ್ ಸರಿಯಿದೆಯೇ ಎಂದು ಮತ್ತೆ ಮತ್ತೆ ನೋಡಬೇಕಾಗುವುದಿಲ್ಲ.

ಮುಚ್ಚಿಡುವುದರಿಂದ ಇನ್ನೊಂದು ಲಾಭವಿದೆ. ಮುಂದೆ ಬದಲಾಗಬಹುದಾದ ತೀರ್ಮಾನ ಯಾವುದೋ ಅದನ್ನು ಒಂದು ಭಾಗದೊಳಗೆ ಅಡಗಿಸಿಡಬೇಕು ಎಂದು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ 1972ರಲ್ಲೇ ವಾದಿಸಿದ್ದರು. ನಿಮ್ಮ ಪ್ರೋಗ್ರಾಂನಲ್ಲಿ ಅಂಥ ತೀರ್ಮಾನ ಹಣವನ್ನು ಹೇಗೆ ಇಡುವುದು ಎಂಬುದು. ನೀವು ಬಹುಶಃ ದಶಮಾಂಶ ಸಂಖ್ಯೆಗಳಿಗಿರುವ ಡಬಲ್ ಎಂಬ ವಿಧವನ್ನು ಬಳಸಿದ್ದೀರಿ. ಡಬಲ್‌ನಲ್ಲಿ 0.1ಕ್ಕೆ 0.2 ಕೂಡಿಸಿ ಮುದ್ರಿಸಿ ನೋಡಿ, 0.30000000000000004 ಎಂದು ಬರುತ್ತದೆ, ಏಕೆಂದರೆ ದ್ವಿಮಾನ ಪದ್ಧತಿಯಲ್ಲಿ 0.1ನ್ನು ನಿಖರವಾಗಿ ಬರೆಯಲಾಗುವುದಿಲ್ಲ. ಹಲವು ಸದಸ್ಯರ ಹದಿನೈದು ದಿನಗಳ ಲೆಕ್ಕ ಕೂಡಿದಾಗ ಒಟ್ಟು ಮೊತ್ತಕ್ಕೂ ಬಿಡಿ ಮೊತ್ತಗಳಿಗೂ ಪೈಸೆಗಳ ವ್ಯತ್ಯಾಸ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಹಣವನ್ನು ಪೈಸೆಗಳಲ್ಲಿ ಪೂರ್ಣಾಂಕವಾಗಿ ಇಡುವುದು, ಇಲ್ಲವೇ ದಶಮಾಂಶ ಸಂಖ್ಯೆಗಳನ್ನು ನಿಖರವಾಗಿ ಇಡುವ ಜಾವಾದ ಬಿಗ್‌ಡೆಸಿಮಲ್ ಬಳಸುವುದು ಸರಿಯಾದ ದಾರಿ. ‘ಹಣ’ ಎಂಬ ಪುಟ್ಟ ಕ್ಲಾಸ್ ಮಾಡಿ ಈ ಆಯ್ಕೆಯನ್ನು ಅದರೊಳಗೆ ಮುಚ್ಚಿಟ್ಟಿದ್ದರೆ ಬದಲಾವಣೆ ಒಂದೇ ಫೈಲಿನಲ್ಲಿ ಮುಗಿಯುತ್ತದೆ. ಮೇನ್ ಮೆಥಡ್‌ನ ಉದ್ದಕ್ಕೂ ಡಬಲ್ ಹರಡಿಕೊಂಡಿದ್ದರೆ ಇಡೀ ಪ್ರೋಗ್ರಾಂ ಮತ್ತೆ ಓದಬೇಕು.

ಹೊಸಬರು ಗಮನಿಸದೆ ಬಿಡುವ ಒಂದು ಸೋರಿಕೆಯನ್ನು ಇಲ್ಲಿಯೇ ಹೇಳಬೇಕು. ಜಾವಾದಲ್ಲಿ ಒಂದು ಆಬ್ಜೆಕ್ಟನ್ನು ಇನ್ನೊಂದು ವೇರಿಯಬಲ್‌ಗೆ ಕೊಟ್ಟರೆ ನಕಲು ಆಗುವುದಿಲ್ಲ, ಎರಡೂ ವೇರಿಯಬಲ್‌ಗಳು ಅದೇ ಆಬ್ಜೆಕ್ಟನ್ನು ತೋರಿಸುತ್ತವೆ. ಹೀಗಿರುವಾಗ ‘ದಿನದ ವಹಿ’ ತನ್ನೊಳಗಿನ ಅರೇಲಿಸ್ಟನ್ನು (ದಾಖಲೆಗಳ ಪಟ್ಟಿಯನ್ನು) ಗೆಟರ್ ಮೂಲಕ ಹಾಗೆಯೇ ಹೊರಗೆ ಕೊಟ್ಟರೆ, ಅದನ್ನು ಪಡೆದ ಯಾರಾದರೂ ವಹಿಗೆ ತಿಳಿಯದಂತೆ ದಾಖಲೆ ಸೇರಿಸಬಹುದು, ಅಳಿಸಬಹುದು. ಫೀಲ್ಡ್ ಪ್ರೈವೇಟ್ ಆಗಿದ್ದರೂ ನಿಯಮ ಮುರಿಯುತ್ತದೆ. ಲಿಸ್ಟ್ ಡಾಟ್ ಕಾಪಿಆಫ್ ಬಳಸಿ ತಿದ್ದಲಾಗದ ಪ್ರತಿಯನ್ನು ಕೊಡಿ. ಇದೇ ಕಾರಣದಿಂದ ಇಬ್ಬರು ಸದಸ್ಯರ ಹೆಸರು ಒಂದೇ ಎಂದು ನೋಡಲು ಎರಡು ಸಮ ಚಿಹ್ನೆ ಬಳಸಬಾರದು. ಅದು ಎರಡೂ ಒಂದೇ ಆಬ್ಜೆಕ್ಟೇ ಎಂದು ಕೇಳುತ್ತದೆ. ಒಳಗಿನ ಅಕ್ಷರಗಳು ಒಂದೇ ಎಂದು ಕೇಳಲು ಈಕ್ವಲ್ಸ್ ಮೆಥಡ್ ಇದೆ.

ಅಬ್‌ಸ್ಟ್ರಾಕ್ಷನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಬಟವಾಡೆ’ ಕ್ಲಾಸನ್ನು ಬಳಸುವವರು ‘ಈ ಸದಸ್ಯರಿಗೆ ಸಲ್ಲಬೇಕಾದ ಮೊತ್ತ ಎಷ್ಟು’ ಎಂದಷ್ಟೇ ಕೇಳುವಂತಿದ್ದು, ದಾಖಲೆಗಳನ್ನು ಹುಡುಕುವ, ದರ ಹಚ್ಚುವ, ಕಡಿತ ಕಳೆಯುವ ವಿವರಗಳು ಅವರ ಕಣ್ಣಿಗೆ ಬೀಳದಿದ್ದರೆ ಅದೇ ಅಬ್‌ಸ್ಟ್ರಾಕ್ಷನ್. ಹೊಣೆಯನ್ನು ಸರಿಯಾಗಿ ಹಂಚಿದವರಿಗೆ ಇದು ತಾನಾಗಿ ಸಿಗುತ್ತದೆ.

ಪಾಲಿಮಾರ್ಫಿಸಂ ಹಾಗಲ್ಲ, ಅದನ್ನು ಉದ್ದೇಶಪೂರ್ವಕವಾಗಿಯೇ ತರಬೇಕು, ಮತ್ತು ನಿಮ್ಮ ಪ್ರಾಜೆಕ್ಟಿನಲ್ಲಿ ಅದಕ್ಕೆ ಹೇಳಿಮಾಡಿಸಿದ ಜಾಗವಿದೆ: ದರ ನಿಗದಿ. ಹಾಲಿಗೆ ಲೀಟರಿಗಿಷ್ಟು ಎಂದು ಒಂದೇ ದರ ಕೊಡಬಹುದು, ಫ್ಯಾಟ್ ನೋಡಿ ಕೊಡಬಹುದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎರಡನ್ನೂ ಪಟ್ಟಿಯಲ್ಲಿ ನೋಡಿ ಕೊಡಬಹುದು. ಇದನ್ನು ನೀವು ಇಫ್–ಎಲ್ಸ್ ಸಾಲುಗಳಲ್ಲಿ ಬರೆದರೆ ಬಿಲ್ ಲೆಕ್ಕದಲ್ಲಿ ಒಮ್ಮೆ, ಸದಸ್ಯರಿಗೆ ಕೊಡುವ ಚೀಟಿಯಲ್ಲಿ ಒಮ್ಮೆ, ಮಾಸಿಕ ವರದಿಯಲ್ಲಿ ಒಮ್ಮೆ ಅದೇ ಸಾಲುಗಳು ಮರುಕಳಿಸುತ್ತವೆ, ದರದ ಪದ್ಧತಿ ಬದಲಾದ ದಿನ ಮೂರರಲ್ಲಿ ಒಂದನ್ನು ತಿದ್ದಲು ಮರೆತುಹೋಗುತ್ತದೆ. ಬದಲಿಗೆ ‘ದರ ನಿಯಮ’ ಎಂಬ ಇಂಟರ್‌ಫೇಸ್ (ಯಾವ ಮೆಥಡ್ ಇರಬೇಕು ಎಂದಷ್ಟೇ ಹೇಳುವ, ಅದನ್ನು ಹೇಗೆ ಮಾಡುವುದೆಂದು ಹೇಳದ ಒಪ್ಪಂದ) ಮಾಡಿ, ಅದರಲ್ಲಿ ಒಂದು ದಾಖಲೆಯನ್ನು ಪಡೆದು ಹಣವನ್ನು ಹಿಂದಿರುಗಿಸುವ ಒಂದೇ ಒಂದು ಮೆಥಡ್ ಇಡಿ. ‘ಏಕ ದರ’, ‘ಫ್ಯಾಟ್ ದರ’, ‘ಪಟ್ಟಿ ದರ’ ಎಂಬ ಮೂರು ಕ್ಲಾಸ್‌ಗಳು ಆ ಮೆಥಡನ್ನು ತಮ್ಮ ತಮ್ಮ ರೀತಿಯಲ್ಲಿ ಬರೆಯಲಿ. ‘ಬಟವಾಡೆ’ ಕ್ಲಾಸ್ ತನಗೆ ಸಿಕ್ಕಿದ ‘ದರ ನಿಯಮ’ಕ್ಕೆ ದಾಖಲೆಯನ್ನು ಕೊಟ್ಟು ಹಣವನ್ನು ಪಡೆಯುತ್ತದೆ, ಅದು ಮೂರರಲ್ಲಿ ಯಾವುದು ಎಂದು ವಿಚಾರಿಸುವುದೇ ಇಲ್ಲ. ನಾಳೆ ನಾಲ್ಕನೆಯ ಪದ್ಧತಿ ಬಂದರೆ ಹೊಸ ಕ್ಲಾಸೊಂದನ್ನು ಬರೆದು ಸೇರಿಸುತ್ತೀರಿ, ‘ಬಟವಾಡೆ’ಯ ಒಂದು ಸಾಲನ್ನೂ ಮುಟ್ಟುವುದಿಲ್ಲ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದರೆ ಗೊಂದಲ ಉಳಿಯುವುದಿಲ್ಲ. ವೇರಿಯಬಲ್‌ನ ವಿಧ ‘ದರ ನಿಯಮ’ ಎಂದಿದ್ದರೂ, ಕರೆ ನಡೆಯುವ ಕ್ಷಣದಲ್ಲಿ ಜಾವಾ ನೋಡುವುದು ಆ ವೇರಿಯಬಲ್ ತೋರಿಸುತ್ತಿರುವ ಆಬ್ಜೆಕ್ಟ್ ನಿಜವಾಗಿ ಯಾವ ಕ್ಲಾಸಿನದು ಎಂಬುದನ್ನು, ಮತ್ತು ಆ ಕ್ಲಾಸಿನ ಮೆಥಡನ್ನೇ ಅದು ನಡೆಸುತ್ತದೆ. ಜಾವಾದಲ್ಲಿ ಸಾಮಾನ್ಯ ಮೆಥಡ್‌ಗಳಿಗೆ ಇದು ತಾನಾಗಿ ಆಗುತ್ತದೆ, ಸಿ ಪ್ಲಸ್ ಪ್ಲಸ್‌ನಲ್ಲಿ ಆ ಮೆಥಡನ್ನು ವರ್ಚುವಲ್ ಎಂದು ಬರೆದಿರಬೇಕು. ಪಠ್ಯದಲ್ಲಿ ಓವರ್‌ಲೋಡಿಂಗ್ ಅನ್ನೂ ಪಾಲಿಮಾರ್ಫಿಸಂನ ಒಂದು ಬಗೆ ಎಂದು ಹೇಳಿರುತ್ತಾರೆ. ಒಂದೇ ಹೆಸರಿನ ಹಲವು ಮೆಥಡ್‌ಗಳಲ್ಲಿ ಯಾವುದು ಎಂಬುದು ಅಲ್ಲಿ ಕಂಪೈಲ್ ಆಗುವಾಗಲೇ ತೀರ್ಮಾನವಾಗಿರುತ್ತದೆ, ಆದ್ದರಿಂದ ಮೇಲೆ ಹೇಳಿದ ಲಾಭ ಅದರಿಂದ ಸಿಗದು. ಪರೀಕ್ಷೆಯಲ್ಲಿ ಎರಡನ್ನೂ ಬರೆಯಿರಿ, ಪ್ರೋಗ್ರಾಂನಲ್ಲಿ ಓವರ್‌ರೈಡಿಂಗ್ ಮೇಲೆ, ಎಂದರೆ ಅದೇ ಮೆಥಡನ್ನು ಪ್ರತಿ ಕ್ಲಾಸ್ ತನ್ನ ರೀತಿಯಲ್ಲಿ ಬರೆಯುವುದರ ಮೇಲೆ, ಗಮನವಿಡಿ. ಸ್ಮಾಲ್‌ಟಾಕ್ ಭಾಷೆ ರೂಪಿಸಿದ ಅಲನ್ ಕೇ ಅವರಂತೂ ಆಬ್ಜೆಕ್ಟ್‌ಗಳಿಗಿಂತ ಅವು ಪರಸ್ಪರ ಕಳಿಸುವ ಸಂದೇಶಗಳೇ ಮುಖ್ಯ ಎಂದು ಮುಂದೆ ಒತ್ತಿ ಹೇಳಿದ್ದಾರೆ. ಕೇಳುವವರು ‘ಏನು ಬೇಕು’ ಎಂದಷ್ಟೇ ಹೇಳಿ, ‘ಹೇಗೆ’ ಎಂಬುದನ್ನು ಉತ್ತರಿಸುವ ಆಬ್ಜೆಕ್ಟ್‌ಗೆ ಬಿಡುವುದೇ ಅದರ ಅರ್ಥ.

ಹಾಗೆಂದು ಪ್ರತಿ ಇಫ್ ಅನ್ನೂ ಇಂಟರ್‌ಫೇಸ್ ಮಾಡಲು ಹೊರಡಬೇಡಿ. ಬೆಳಗಿನ ಹೊತ್ತು, ಸಂಜೆಯ ಹೊತ್ತು ಎಂಬ ಎರಡೇ ಬಗೆಗಳಿದ್ದು ಮೂರನೆಯದು ಬರುವ ಸಂಭವವಿಲ್ಲದಿರುವಾಗ ಒಂದು ಈನಮ್ (ಮೊದಲೇ ಗೊತ್ತಿರುವ ಕೆಲವೇ ಆಯ್ಕೆಗಳ ಪಟ್ಟಿ) ಮತ್ತು ಒಂದು ಇಫ್ ಸಾಕು.

ಇನ್‌ಹೆರಿಟೆನ್ಸ್ ಅನ್ನು, ಎಂದರೆ ಒಂದು ಕ್ಲಾಸಿನ ಫೀಲ್ಡ್ ಮತ್ತು ಮೆಥಡ್‌ಗಳನ್ನು ಅದರ ಸಬ್‌ಕ್ಲಾಸ್ ಪಡೆದುಕೊಳ್ಳುವುದನ್ನು, ಕೊನೆಗೆ ಉಳಿಸಿಕೊಂಡದ್ದಕ್ಕೆ ಕಾರಣವಿದೆ. ಪಠ್ಯಗಳಲ್ಲಿ ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಪುಟಗಳು, ಪ್ರಾಣಿ ಎಂಬ ಕ್ಲಾಸಿನಿಂದ ನಾಯಿ, ನಾಯಿ ಬೊಗಳುವುದು, ಬೆಕ್ಕು ಮಿಯಾಂವ್ ಎನ್ನುವುದು. ನಿಜವಾದ ಪ್ರೋಗ್ರಾಂಗಳಲ್ಲಿ ಅದರ ಅಗತ್ಯ ಎಲ್ಲಕ್ಕಿಂತ ಕಡಿಮೆ, ತಪ್ಪಾಗಿ ಬಳಸಿದರೆ ಆಗುವ ಹಾನಿ ಎಲ್ಲಕ್ಕಿಂತ ಹೆಚ್ಚು. ನೀವು ‘ಹಾಲು’ ಎಂಬ ಕ್ಲಾಸ್ ಬರೆದು ಅದರಿಂದ ‘ಹಸುವಿನ ಹಾಲು’, ‘ಎಮ್ಮೆ ಹಾಲು’ ಎಂಬ ಸಬ್‌ಕ್ಲಾಸ್‌ಗಳನ್ನು ಮಾಡಲು ಯೋಚಿಸಿರಬಹುದು. ಎರಡರ ನಡುವೆ ನಿಮ್ಮ ಪ್ರೋಗ್ರಾಂಗೆ ಬೇಕಾದ ವ್ಯತ್ಯಾಸ ಫ್ಯಾಟ್ ಮಿತಿ ಮತ್ತು ದರ ಮಾತ್ರವಾದರೆ ಅದು ಮೌಲ್ಯಗಳ ವ್ಯತ್ಯಾಸ, ನಡವಳಿಕೆಯ ವ್ಯತ್ಯಾಸವಲ್ಲ. ಅದಕ್ಕೆ ಒಂದು ಫೀಲ್ಡ್ ಸಾಕು, ಸಬ್‌ಕ್ಲಾಸ್ ಬೇಡ.

ಇನ್ನೊಂದು ಬಲೆ ಇದಕ್ಕಿಂತ ಸೂಕ್ಷ್ಮ. ಸಂಘದ ಆಡಳಿತ ಮಂಡಳಿಯ ನಿರ್ದೇಶಕರೂ ಸದಸ್ಯರೇ, ಆದ್ದರಿಂದ ‘ನಿರ್ದೇಶಕ’ ಎಂಬುದು ‘ಸದಸ್ಯ’ ಕ್ಲಾಸಿನ ಸಬ್‌ಕ್ಲಾಸ್ ಆಗಬೇಕು ಎಂದು ತೋರುತ್ತದೆ, ಕನ್ನಡದಲ್ಲಿ ಹೇಳಿ ನೋಡಿದರೂ ವಾಕ್ಯ ಸರಿಯಾಗಿಯೇ ಕೇಳಿಸುತ್ತದೆ. ಆದರೆ ಆಡಳಿತ ಮಂಡಳಿಯ ಅವಧಿ ಐದು ವರ್ಷ. ಇಂದು ಸದಸ್ಯರಾಗಿರುವವರು ನಾಳೆ ಚುನಾವಣೆಯಲ್ಲಿ ಗೆದ್ದು ನಿರ್ದೇಶಕರಾಗುತ್ತಾರೆ, ಅವಧಿ ಮುಗಿದ ಮೇಲೆ ಮತ್ತೆ ಬರಿಯ ಸದಸ್ಯರಾಗುತ್ತಾರೆ. ಜಾವಾದಲ್ಲಿ ಹುಟ್ಟಿದ ಆಬ್ಜೆಕ್ಟ್ ತನ್ನ ಕ್ಲಾಸನ್ನು ಎಂದಿಗೂ ಬದಲಿಸಲಾರದು. ಗೆದ್ದ ದಿನ ಹಳೆಯ ಆಬ್ಜೆಕ್ಟನ್ನು ಬಿಸಾಡಿ ಹೊಸದನ್ನು ಕಟ್ಟಿ ಬಾಕಿ, ದಾಖಲೆಗಳನ್ನೆಲ್ಲ ಅದಕ್ಕೆ ಸುರಿಯಬೇಕಾಗುತ್ತದೆ. ‘ಸದಸ್ಯ’ ಎಂಬ ಒಂದೇ ಕ್ಲಾಸ್ ಇಟ್ಟು, ಯಾರು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಮಂಡಳಿಯಲ್ಲಿದ್ದರು ಎಂಬುದನ್ನು ‘ಅಧಿಕಾರಾವಧಿ’ ಎಂಬ ಬೇರೆ ಆಬ್ಜೆಕ್ಟ್ ಆಗಿ ಸದಸ್ಯರ ಜೊತೆ ಇಡುವುದು ಸರಿ. ಇದನ್ನೇ ಕಾಂಪೊಸಿಷನ್ ಎನ್ನುತ್ತಾರೆ. ಒಂದು ಆಬ್ಜೆಕ್ಟ್ ಇನ್ನೊಂದನ್ನು ತನ್ನೊಳಗೆ ಇಟ್ಟುಕೊಂಡು ಅದರಿಂದ ಕೆಲಸ ಮಾಡಿಸಿಕೊಳ್ಳುತ್ತದೆ. ‘ಬಟವಾಡೆ’ ತನ್ನೊಳಗೆ ‘ದರ ನಿಯಮ’ವನ್ನು ಇಟ್ಟುಕೊಂಡದ್ದೂ ಇದೇ.

ಈ ತಪ್ಪನ್ನು ಹೊಸಬರು ಮಾತ್ರ ಮಾಡುವುದಿಲ್ಲ. ಜಾವಾದ ಸ್ವಂತ ಲೈಬ್ರರಿಯಲ್ಲಿ ಸ್ಟ್ಯಾಕ್ ಎಂಬ ಕ್ಲಾಸ್ ವೆಕ್ಟರ್ ಎಂಬ, ಅರೇಯಂಥ ಪಟ್ಟಿಯ ಕ್ಲಾಸಿನ ಸಬ್‌ಕ್ಲಾಸ್. ಸ್ಟ್ಯಾಕ್‌ನ ನಿಯಮ ಒಂದೇ: ಕೊನೆಗೆ ಇಟ್ಟದ್ದು ಮೊದಲು ಹೊರಬರಬೇಕು. ಆದರೆ ವೆಕ್ಟರ್‌ನಿಂದ ಬಂದ ಮೆಥಡ್‌ಗಳೆಲ್ಲ ಸ್ಟ್ಯಾಕ್‌ಗೂ ಸಿಗುವುದರಿಂದ ನಡುವಿನ ಯಾವ ಸ್ಥಾನಕ್ಕೆ ಬೇಕಾದರೂ ಏನನ್ನಾದರೂ ತುರುಕಬಹುದು, ತೆಗೆಯಬಹುದು. ಸಬ್‌ಕ್ಲಾಸ್ ಪೇರೆಂಟ್‌ನಿಂದ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಲಾಗದು, ಬೇಡದ್ದೂ ಜೊತೆಗೆ ಬರುತ್ತದೆ. ಹಳೆಯ ಪ್ರೋಗ್ರಾಂಗಳು ಅದನ್ನು ಬಳಸುತ್ತಿರುವುದರಿಂದ ಈ ಸಂಬಂಧವನ್ನು ಕಿತ್ತುಹಾಕಲು ಇಂದಿಗೂ ಆಗಿಲ್ಲ. ಸ್ಟ್ಯಾಕ್ ಬೇಕಾದವರು ಡೆಕ್ ಇಂಟರ್‌ಫೇಸನ್ನು ಬಳಸುವುದು ಮೇಲು ಎಂದು ಜಾವಾದ ದಸ್ತಾವೇಜೇ ಸೂಚಿಸುತ್ತದೆ.

ಇನ್‌ಹೆರಿಟೆನ್ಸ್ ಸರಿಯೇ ಎಂದು ಪರೀಕ್ಷಿಸಲು ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೊವ್ 1987ರಲ್ಲಿ ಮಂಡಿಸಿದ ವಿಚಾರ ಇಂದಿಗೂ ಒರೆಗಲ್ಲು. ಪೇರೆಂಟ್ ಕ್ಲಾಸಿನ ಆಬ್ಜೆಕ್ಟ್ ಇರುವ ಎಲ್ಲ ಕಡೆಯಲ್ಲೂ ಸಬ್‌ಕ್ಲಾಸಿನ ಆಬ್ಜೆಕ್ಟ್ ಇಟ್ಟರೆ, ಅದನ್ನು ಬಳಸುವ ಪ್ರೋಗ್ರಾಂ ನಂಬಿಕೊಂಡಿರುವ ಯಾವ ಮಾತೂ ಸುಳ್ಳಾಗಬಾರದು. ‘ದರ ನಿಯಮ’ಗಳಿಗೂ ಇದು ಅನ್ವಯಿಸುತ್ತದೆ: ದರ ಎಂದೂ ಋಣಸಂಖ್ಯೆಯಾಗುವುದಿಲ್ಲ ಎಂದು ‘ಬಟವಾಡೆ’ ನಂಬಿದ್ದರೆ, ಕಳಪೆ ಹಾಲಿಗೆ ದಂಡವೆಂದು ಋಣಸಂಖ್ಯೆಯನ್ನು ಹಿಂದಿರುಗಿಸುವ ಹೊಸ ಕ್ಲಾಸ್ ಕಂಪೈಲ್ ಆದರೂ ತಪ್ಪೇ. ಕಂಪೈಲರ್ ಮೆಥಡ್‌ನ ಹೆಸರು ಮತ್ತು ವಿಧಗಳನ್ನು ಮಾತ್ರ ಹೋಲಿಸುತ್ತದೆ, ಮಾತು ಉಳಿಸಿಕೊಳ್ಳುವ ಹೊಣೆ ಬರೆದವರದು.

ಇನ್ನು ನಿಮ್ಮ ಕೆಲಸಕ್ಕೆ ಬರೋಣ. ಈಗಿರುವ ಪ್ರೋಗ್ರಾಂ ಅನ್ನು ಅಳಿಸಬೇಡಿ. ಮೂರು ಅರೇಗಳನ್ನು ತೆಗೆದು ‘ಹಾಲಿನ ದಾಖಲೆ’ ಕ್ಲಾಸನ್ನು ಮೊದಲು ತನ್ನಿ. ಅದರ ಫೀಲ್ಡ್‌ಗಳೆಲ್ಲ ಫೈನಲ್ (ಒಮ್ಮೆ ಇಟ್ಟ ಮೇಲೆ ಬದಲಿಸಲಾಗದವು) ಆಗಿರಲಿ, ತಪ್ಪು ನಮೂದಾದರೆ ತಿದ್ದುವ ಬದಲು ಹಳೆಯದನ್ನು ರದ್ದುಮಾಡಿ ಹೊಸ ದಾಖಲೆ ಬರೆಯುವಂತಿರಲಿ. ಜಾವಾ 16 ಅಥವಾ ಅದರ ನಂತರದ ಆವೃತ್ತಿ ನಿಮ್ಮ ಲ್ಯಾಬಿನಲ್ಲಿದ್ದರೆ ಇದನ್ನು ರೆಕಾರ್ಡ್ (ಮಾಹಿತಿ ಹಿಡಿದಿಡಲೆಂದೇ ಇರುವ ಚುಟುಕು ಕ್ಲಾಸ್) ಆಗಿ ಬರೆದರೆ ಇನ್ನೂ ಚಿಕ್ಕದಾಗುತ್ತದೆ, ಈಕ್ವಲ್ಸ್ ಮೆಥಡ್ ಕೂಡ ತಾನಾಗಿ ಸಿಗುತ್ತದೆ. ಆಮೇಲೆ ‘ದಿನದ ವಹಿ’, ಆಮೇಲೆ ಒಂದೇ ಒಂದು ‘ಏಕ ದರ’ದೊಂದಿಗೆ ‘ಬಟವಾಡೆ’. ಎರಡನೆಯ ದರ ನಿಯಮ ಬರೆಯುವವರೆಗೆ ಇಂಟರ್‌ಫೇಸ್ ಅಗತ್ಯವಿಲ್ಲ, ಅದು ಬಂದ ದಿನ ಎರಡರಲ್ಲಿ ಸಮಾನವಾದದ್ದನ್ನು ನೋಡಿ ಇಂಟರ್‌ಫೇಸ್ ಮಾಡಿ. ಕೀಬೋರ್ಡಿನಿಂದ ಓದುವುದು, ತೆರೆಯ ಮೇಲೆ ಮುದ್ರಿಸುವುದು ಈ ಯಾವ ಕ್ಲಾಸಿನೊಳಗೂ ಬರಬಾರದು. ಅವು ಮೇನ್‌ನಲ್ಲೇ ಉಳಿಯಲಿ. ಹೀಗೆ ಮಾಡಿದರೆ ಕೀಬೋರ್ಡಿನಿಂದ ಓದುವ ಸ್ಕ್ಯಾನರ್ ಕ್ಲಾಸನ್ನು ಮುಟ್ಟದೆ, ಅಂಕಿಗಳನ್ನು ಕೈಯಾರೆ ಟೈಪ್ ಮಾಡದೆ ಪ್ರತಿ ಕ್ಲಾಸನ್ನೂ ಪರೀಕ್ಷಿಸಬಹುದು. ಮೊದಲ ಪರೀಕ್ಷೆಯಾಗಿ, ಲೀಟರ್ ಜಾಗದಲ್ಲಿ ಋಣ ಎರಡು ಕೊಟ್ಟು ದಾಖಲೆ ಕಟ್ಟಲು ಹೋದರೆ ಎಕ್ಸೆಪ್ಷನ್ ಬರುತ್ತದೆಯೇ ಎಂದು ನೋಡಿ. ಎರಡನೆಯದಾಗಿ, ಮೂರು ದಾಖಲೆಗಳ ವಹಿಯನ್ನು ಹೆಸರಿನ ಪ್ರಕಾರ ಜೋಡಿಸಿ, ಜೋಡಿಸುವ ಮೊದಲೂ ಆಮೇಲೂ ಪ್ರತಿ ಸದಸ್ಯರ ಮೊತ್ತ ಒಂದೇ ಇದೆಯೇ ಎಂದು ಹೋಲಿಸಿ.